ಫೋನಿನ ತುಂಬ ಮಾವನವರು

ಆಳಂದದ ಬಜಾರಿನಲ್ಲಿ ನನ್ನನ್ನು ಅರೆಹುಚ್ಚಿ ಎನ್ನುವವರಿದ್ದಾರೆ. ಅನ್ನಲಿ. ಯಾರಾದರೂ ಹೊಸದಾಗಿ ವೆಬ್‌ಸೈಟ್ ಮಾಡಿಸಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ಸೀರೆ ಅಂಗಡಿಯಾಗಲಿ, ಶೇಂಗಾ ಹಿಂಡಿ ಮಾರುವವರಾಗಲಿ, ನಾನು ಹೋಗಿ ಅವರ ಕಟ್ಟೆಯ ಮೇಲೆ ಕೂತುಬಿಡುತ್ತೇನೆ. ಅವರು ಉಬ್ಬಿ ಉಬ್ಬಿ ಕಂಪ್ಯೂಟರ್ ತಿರುಗಿಸಿ ತೋರಿಸಲು ಬಂದರೆ ಆ ಕಡೆ ನೋಡುವುದೇ ಇಲ್ಲ.

"ಅದನ್ನ ಅಲ್ಲೇ ಬಿಡ್ರಿ. ಕಿಸೆದಾಗಿನ ಫೋನ್ ತೆಗೀರಿ. ಅದರಾಗ ತೋರಸ್ರಿ."

ಮೊನ್ನೆ ಬಳೆ ಅಂಗಡಿಯ ಚಾಚಾ ನಕ್ಕರು. "ಎಲ್ಡೂ ಒಂದೇ ಅಲ್ಲೇನವ್ವಾ? ಅದು ದೊಡ್ಡದು, ಇದು ಸಣ್ಣದು, ಅಷ್ಟೇ."

"ಒಂದೇ ಅಲ್ಲರಿ ಚಾಚಾ. ನಿಮ್ಮ ಗಿರಾಕಿ ಮಾದನಹಿಪ್ಪರಗಾ ಬಸ್ಸಿನ್ಯಾಗ ಕಂಬಿ ಹಿಡಕೊಂಡು ನಿಂತು ನೋಡ್ತಾಳ. ಆಕಿ ಹಂತ್ಯಾಕ ಕಂಪ್ಯೂಟರ್ ಎಲ್ಲಿಂದ ಬರ್ಬೇಕು?"

ಚಾಚಾ ಫೋನ್ ತೆಗೆದರು. ಅಕ್ಷರಗಳು ಎಳ್ಳುಕಾಳಿನಷ್ಟಿದ್ದವು. ಅಂಗಡಿಯ ನಂಬರು ಬಲಗಡೆ ಎಲ್ಲೋ ತಪ್ಪಿಸಿಕೊಂಡಿತ್ತು. ಅವರ ನಗು ನಿಂತಿತು. "ಇದು ನಿನಗ್ಯಾರು ಕಲಿಸಿದ್ರವ್ವಾ?" ಎಂದು ಕೇಳಿದರು. ಕಟ್ಟೆಯ ಮೇಲೆ ಕೂತು ಹೇಳುವ ಮಾತಲ್ಲ ಅದು, ಎದ್ದು ಮನೆಗೆ ಬಂದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಮದುವೆ ಅಡುಗೆಯವರು. ಗೋಧಿ ಹುಗ್ಗಿ ಎಂದರೆ ಅವರು, ಅವರೆಂದರೆ ಗೋಧಿ ಹುಗ್ಗಿ. ಅಫಜಲಪುರದ ಕಡೆಯಿಂದ, ಜೇವರ್ಗಿಯ ಕಡೆಯಿಂದ ಜನ ವೀಳ್ಯ ಹಿಡಿದುಕೊಂಡು ನಮ್ಮ ಮನೆ ಹುಡುಕಿ ಬರುತ್ತಿದ್ದರು. ಟೆಂಪೋದಲ್ಲಿ ಕೊಪ್ಪರಿಗೆ ಹೇರಿಕೊಂಡು ಭೀಮಾ ಹೊಳೆಯ ಸೊನ್ನದ ಬ್ಯಾರೇಜ್ ದಾಟಿ ಹೋದರೆಂದರೆ ಆಚೆಯ ದಂಡೆಯಲ್ಲಿ ಮೂರು ಮದುವೆ ಮುಗಿಸಿಯೇ ತಿರುಗುತ್ತಿದ್ದರು. ಗೋಧಿ ಅರಳುವ ಮೊದಲೇ ಬೆಲ್ಲ ಸುರಿಯುವವನನ್ನು ಅವರು ಮನುಷ್ಯನೆಂದೇ ಎಣಿಸುತ್ತಿರಲಿಲ್ಲ.

ಕಸಬು ಮಾವನವರಿಂದ ಬಂದದ್ದು. ಮುಖವೂ ಅವರದೇ. ಅದೇ ರುಮಾಲು, ಅದೇ ಮೀಸೆ, ಸಿಟ್ಟು ಬಂದಾಗ ಒಂದೇ ಹುಬ್ಬು ಏರುವುದು ಸಹ ಅದೇ. ಮಾವನವರು ತೀರಿಕೊಂಡ ಮೇಲೆ ಅವರ ಫೋಟೋಕ್ಕೆ ಗಂಧದ ಹಾರ ಹಾಕಿ, ಯಾವ ಊರಿಗೆ ಅಡುಗೆಗೆ ಹೋದರೂ ಯಜಮಾನರು ಅದನ್ನು ಜೊತೆಗೆ ಒಯ್ಯುತ್ತಿದ್ದರು. ಒಲೆಯ ಹತ್ತಿರ ಗೋಡೆಗೆ ಆನಿಸಿ, ಕಾಯಿ ಒಡೆದು, ಕೈ ಮುಗಿದ ಮೇಲೆಯೇ ಬೆಂಕಿ. ಮದುಮಗಳ ಅಪ್ಪ ಗಡಿಬಿಡಿ ಮಾಡಿದರೂ ಕೇಳುತ್ತಿರಲಿಲ್ಲ.

ಬರಬರುತ್ತ ಜನ ವೀಳ್ಯ ಹಿಡಿದು ಬರುವುದು ಕಡಿಮೆಯಾಯಿತು, ಎಲ್ಲ ಫೋನಿನಲ್ಲೇ ನಡೆಯತೊಡಗಿತು. ನನ್ನ ತಮ್ಮನ ಮಗಳು ಕಲಬುರಗಿಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಳು. ನಮಗೊಂದು ವೆಬ್‌ಸೈಟ್ ಮಾಡಿಕೊಡುತ್ತೇನೆಂದು ಪ್ರೀತಿಯಿಂದ ಕೂತಳು.

"ಮಾಮಾ, ಎಲ್ಲಕ್ಕಿಂತ ಮೊದಲ ಏನ ಹಾಕ್ಲಿ?"

"ಅಪ್ಪನ ಫೋಟೋ. ಅದಿಲ್ಲದ ನಾ ಒಲಿನೇ ಹಚ್ಚಂಗಿಲ್ಲ, ನೀ ಇದನ್ನ ಹೆಂಗ ಹಚ್ತಿ?"

ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ಅದನ್ನು ತೆರೆದು ನೋಡಿದೆವು. ಮೂಲೆಯಲ್ಲಿ ಪುಟ್ಟದಾಗಿ ಮಾವನವರು, ಪಕ್ಕದಲ್ಲಿ ಹುಗ್ಗಿ, ಹೋಳಿಗೆ, ಎಣ್ಣೆಗಾಯಿ, ಬಲಗಡೆ ನಮ್ಮ ನಂಬರು. ಯಜಮಾನರು ಕಂಪ್ಯೂಟರಿಗೂ ಕುಂಕುಮ ಹಚ್ಚಿ ಪೇಡೆ ಹಂಚಿದರು. ಟೆಂಪೋದ ಹಿಂದೆ ಬರೆಸಿದ್ದ ನಂಬರನ್ನು ಅಳಿಸಿ ವೆಬ್‌ಸೈಟಿನ ವಿಳಾಸ ಬರೆಸಿದರು. ಅಡುಗೆಗೆ ಹೋದಲ್ಲೆಲ್ಲ, "ಇನ್ನ ಮನಿತನಕ ಯಾಕ ಬರ್ತೀರಿ, ಇದರಾಗ ನೋಡ್ರಿ" ಎಂದು ಅದನ್ನೇ ತೋರಿಸಿದರು. ಫೋನಿನಲ್ಲಿ ತೆರೆದು ನೋಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ತನ್ನ ಮನೆಯ ದಾರಿಯನ್ನು ಯಾರು ಕೇಳಿಕೊಂಡು ಹೋಗುತ್ತಾರೆ?

ಆ ವರ್ಷದ ಲಗ್ನದ ಸುಗ್ಗಿ ಬಂತು. ಊರೊಳಗಿನ ತೊಟ್ಟಿಲು, ಸೀಮಂತ ಬಂದವು. ಹೊರಗಿನ ಮದುವೆಗಳು ಬರಲಿಲ್ಲ. ಪ್ರತಿ ವರ್ಷ ತಪ್ಪದೆ ಕರೆಯುತ್ತಿದ್ದ ಮನೆತನಗಳವರೂ ಸುಮ್ಮನಾದರು. ಯಜಮಾನರು ಬೇರೆ ಯಾರನ್ನೂ ದೂರಲಿಲ್ಲ. ತಮ್ಮ ಕೈಯನ್ನೇ ದೂರಿದರು.

"ನನ್ನ ಕೈ ರುಚಿ ಹೋಗ್ಯಾದ."

"ಯಾರ ಹೇಳ್ಯಾರ?"

"ಯಾರೂ ಹೇಳಂಗಿಲ್ಲ. ಕರಿಯೂದು ಬಿಡ್ತಾರ, ಅಷ್ಟೇ."

ಸೋಮವಾರ ಬಂದರೆ ಸಾಕು, ಮನೆಯಲ್ಲೇ ಪಾತೇಲಿಯಲ್ಲಿ ಸ್ವಲ್ಪ ಹುಗ್ಗಿ ಮಾಡಿ ನನ್ನ ಮುಂದಿಟ್ಟು ಕೂಡುತ್ತಿದ್ದರು. ಪರೀಕ್ಷೆ ಬರೆದ ಹುಡುಗರ ಹಾಗೆ ನನ್ನ ಬಾಯಿಯನ್ನೇ ನೋಡುವರು. ಮೊದಲಿದ್ದ ರುಚಿಯೇ ಇತ್ತು, ದೇವರಾಣೆ. ಹಾಗೆಂದರೆ ನಂಬುತ್ತಿರಲಿಲ್ಲ. "ನೀ ಹೆಂಡ್ತಿ. ನಿನ್ನ ಮಾತು ಸಾಕ್ಷಿಗೆ ಬರಂಗಿಲ್ಲ ಬೇ" ಎನ್ನುವರು. ನನಗೂ ರೇಗುತ್ತಿತ್ತು. "ಹಂಗಾರ ಓಣ್ಯಾಗಿನ ನಾಯಿಗಿ ಹಾಕಿ ಕೇಳ್ರಿ" ಎಂದರೆ ನಗುತ್ತಿದ್ದರು. ಆದರೆ ಏಲಕ್ಕಿ ಹೆಚ್ಚು ಹಾಕುವುದು, ಗಸಗಸೆ ಇನ್ನಷ್ಟು ಹುರಿಯುವುದು, ಮತ್ತೆ ಮಾಡುವುದು ನಿಲ್ಲಲಿಲ್ಲ. ಕೊನೆಗೊಮ್ಮೆ ಪಕ್ಕದ ಮನೆಯವರು ಮೊಮ್ಮಗನ ತೊಟ್ಟಿಲಿಗೆ ಕರೆಯಲು ಬಂದಾಗ ಕೈ ಮುಗಿದು ಒಲ್ಲೆ ಎಂದುಬಿಟ್ಟರು. ಅವತ್ತೇ ಕೊಪ್ಪರಿಗೆಯನ್ನು ಹಿತ್ತಲಿನಲ್ಲಿ ಬೋರಲು ಹಾಕಿದರು. ಕೋಳಿಗಳು ಅದರ ಮೇಲೆ ಹತ್ತಿ ಕೂರಲು ಕಲಿತವು.

ಶ್ರಾವಣದ ಒಂದು ಮುಂಜಾನೆ ಚಹಾದ ಬಸಿ ಕೆಳಗಿಟ್ಟು ಎದೆ ಹಿಡಿದುಕೊಂಡರು. ಕಲಬುರಗಿಯ ದವಾಖಾನೆ ಮುಟ್ಟಲಿಲ್ಲ.

ಮಣ್ಣಿಗೆ ಓಣಿಯವರು ಬಂದರು, ಬೀಗರು ಬಂದರು. ಬೇರೆ ಊರಿನವರು ಯಾರೂ ಬರಲಿಲ್ಲ. ಮೂರು ತಾಲೂಕಿನ ಪಂಕ್ತಿಗಳಿಗೆ ಬಡಿಸಿದ ಮನುಷ್ಯ. ಅವರ ಹುಗ್ಗಿ ಉಂಡ ಬಾಯಿಗಳೆಲ್ಲ ಎಲ್ಲಿ ಹೋದವು ಎಂದು ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಸಮಾಧಿಯಲ್ಲಿ ಅವರನ್ನು ಕೂರಿಸುವಾಗಲೂ ನಾನು ದಾರಿಯ ಕಡೆ ನೋಡುತ್ತಿದ್ದೆ.

ಅವರ ಹೆಸರಿನಲ್ಲಿ ಊಟ ಹಾಕುವ ಗಣಾರಾಧನೆಯ ದಿನ ಅಫಜಲಪುರದ ಕಡೆಯ ಮಣ್ಣೂರಿನ ಹಿರಿಯರೊಬ್ಬರು ಆಳಂದಕ್ಕೆ ಬಟ್ಟೆ ಕೊಳ್ಳಲು ಬಂದಿದ್ದರು. ಅವರ ಮನೆಯ ಎರಡು ಮದುವೆಗೆ ಯಜಮಾನರೇ ಅಡುಗೆ ಮಾಡಿದ್ದರು. ನಮ್ಮ ಮನೆಯ ಮುಂದೆ ಪೆಂಡಾಲ್ ಕಂಡು ಒಳಗೆ ಬಂದು, ಯಾರದು ಎಂದು ಕೇಳಿದರು. ಹೇಳಿದೆ. ಅವರು ನಂಬದವರ ಹಾಗೆ ನನ್ನನ್ನು ನೋಡಿದರು.

"ಅವ್ರು ಹ್ವಾದ ವರ್ಷನೇ ಹೋದ್ರಲ್ಲೇನ್ರಿ, ತಾಯಿ?"

"ಯಾರ ಹೇಳಿದ್ರಿ?"

ಅವರು ಫೋನ್ ತೆಗೆದು ನನ್ನ ಕೈಗೆ ಕೊಟ್ಟರು. ಟೆಂಪೋದ ಮೇಲಿದ್ದ ಅದೇ ವಿಳಾಸ. ಫೋನಿನ ತುಂಬ, ಈ ಅಂಚಿನಿಂದ ಆ ಅಂಚಿನವರೆಗೆ, ಗಂಧದ ಹಾರ ಹಾಕಿದ ಮಾವನವರು. ಹುಗ್ಗಿ ಕಾಣುವುದಿಲ್ಲ, ನಂಬರು ಕಾಣುವುದಿಲ್ಲ. ಅದೇ ರುಮಾಲು, ಅದೇ ಮೀಸೆ. ನಮ್ಮ ಕಡೆ ಮುಂಜಾನೆ ಎದ್ದು ಫೋನ್ ತೆಗೆದಾಗ ಹಾರ ಹಾಕಿದ ಮುಖ ಕಂಡರೆ ಅದರ ಅರ್ಥವೇನೆಂದು ಸಣ್ಣ ಮಕ್ಕಳಿಗೂ ಗೊತ್ತು.

"ಸಣ್ಣಾಕಿ ಮದಿವಿಗಿ ಅವ್ರನ್ನೇ ಕರಿಬೇಕಂತ ತೆಗದ್ವಿ ತಾಯಿ. ಈ ಮಾರಿ ಬಂತು. ಹೆಣ್ಮಕ್ಕಳು 'ಮುಚ್ಚು, ಮುಚ್ಚು' ಅಂದ್ರು. ನಮ್ಮ ಕಡಿ ಎಲ್ಲಾರೂ ಹಂಗೇ ತಿಳಕೊಂಡಾರ್ರಿ." ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಹೇಳಿದರು: "ಬ್ಯಾರೇದವ್ರು ಮಾಡಿದ್ರು. ಹುಗ್ಗಿ ಆಗ್ಲೇ ಇಲ್ಲ. ಅವ್ರು ಇರಬೇಕಿತ್ತು ಅಂತ ಪಂಕ್ತ್ಯಾಗ ಕುಂತವ್ರೆಲ್ಲ ಅಂದ್ರು."

ಶರಣರು ಸೂತಕವಿಲ್ಲ ಅಂದರು, ನಿಜ. ಆದರೆ ಮದುವೆಯ ಮಾತಾಡಲು ಕೂತ ಮನೆಯಲ್ಲಿ ಸತ್ತವರ ಮುಖ ತೆರೆದರೆ ಯಾರಿಗೆ ಶರಣರ ಮಾತು ನೆನಪಾಗುತ್ತದೆ? ಆ ಹಿರಿಯರ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಮ್ಮನ ಮಗಳ ಮೇಲೂ ಬರಲಿಲ್ಲ. ಉಳಿದದ್ದು ಒಂದೇ ಮಾತು: ಅವರ ಕೈ ರುಚಿ ಹೋಗಿರಲಿಲ್ಲ. ರುಚಿ ಹೋಗಿದೆ ಎಂದುಕೊಂಡೇ ಅವರು ಹೋದರು. ಈ ಹಿರಿಯರು ಒಂದು ತಿಂಗಳು ಮೊದಲು ಬಟ್ಟೆ ಕೊಳ್ಳಲು ಬಂದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಲೆಕ್ಕ ಹಾಕುತ್ತೇನೆ, ಹಾಕಿ ಅಳುತ್ತೇನೆ.

ತಮ್ಮನ ಮಗಳು ಬಂದು ಅತ್ತು ಅತ್ತು ಕಣ್ಣು ಊದಿಸಿಕೊಂಡಳು. ಆಮೇಲೆ ಕೂತು ಎಲ್ಲ ತಿದ್ದಿದಳು. ಮಾವನವರು ಕೆಳಗೆ ಹೋದರು, ಹುಗ್ಗಿ ಮೇಲೆ ಬಂತು, ಎಲ್ಲಕ್ಕಿಂತ ಮೇಲೆ ನಂಬರು. ಬೆರಳು ಮುಟ್ಟಿಸಿದರೆ ಫೋನೇ ಹತ್ತುತ್ತದೆ. ಈ ಸಲ ನಾನು ಅದನ್ನು ನನ್ನ ಫೋನಿನಲ್ಲಿ, ಓಣಿಯ ಎಲ್ಲರ ಫೋನಿನಲ್ಲಿ ತೆರೆಸಿ ನೋಡಿದೆ.

"ಅತ್ತಿ, ಇನ್ನ ಇದ್ಯಾಕ ಬೇಕು? ತೆಗದುಬಿಡ್ಲೇನು?" ಎಂದು ಕೇಳಿದಳು.

"ಇರ್ಲಿ ಬಿಡು" ಎಂದೆ. ಯಾಕೆಂದು ನನಗೂ ಗೊತ್ತಿರಲಿಲ್ಲ.

ದೀಪಾವಳಿ ಮುಗಿದು ಲಗ್ನದ ಮಾತು ಶುರುವಾಗುವ ಹೊತ್ತಿಗೆ ಫೋನ್ ಬಂತು. ಜೇವರ್ಗಿಯ ಕಡೆಯ ಹೆಣ್ಣುಮಗಳು.

"ಹುಗ್ಗಿ ಮಾಡೋ ಯಜಮಾನ್ರು ಅದಾರಂತಲ್ರಿ? ನಾವು ಹೋಗ್ಯಾರಂತ ತಿಳಕೊಂಡಿದ್ವಿ. ಈಗ ಫೋನಿನ್ಯಾಗ ನಂಬರ್ ನೋಡಿ ಜೀವ ಬಂದಂಗಾತ್ರಿ. ನಮ್ಮ ಅಕ್ಕನ ಮದಿವ್ಯಾಗ ಉಂಡದ್ದು ಇನ್ನಾ ನಾಲಿಗಿ ಮ್ಯಾಲ ಅದ. ಅವ್ರ ಕೈ ರುಚಿ ಯಾರಿಗೂ ಬರಂಗಿಲ್ರಿ."

ಗೋಡೆಯ ಮೇಲೆ ಮಾವನವರ ಪಕ್ಕದಲ್ಲಿ ಈಗ ಯಜಮಾನರೂ ಇದ್ದಾರೆ, ಅಂಥದೇ ಹಾರ ಹಾಕಿಕೊಂಡು. ಅವರಿಲ್ಲ ಎಂದು ಆಕೆಗೆ ಹೇಳಬೇಕಿತ್ತು. ಹೇಳಿದೆ, ಆಮೇಲೆ. ಅದಕ್ಕೂ ಮೊದಲು ಎದ್ದು ಹೋಗಿ, ಸ್ಪೀಕರ್ ಒತ್ತಿ, ಫೋನನ್ನು ಅವರ ಫೋಟೋದ ಹತ್ತಿರ ಹಿಡಿದೆ.

"ಈಗ ಅಂದ್ರಲ್ಲ, ಕೈ ರುಚಿ ಮಾತು," ಎಂದೆ. "ಅದನ್ನ ಇನ್ನೊಮ್ಮಿ ಹೇಳ್ರಿ. ಜರಾ ಜೋರಾಗಿ ಹೇಳ್ರಿ."