ಬೆಲ್ಲದ ಸಾಹುಕಾರನ ಅಂಗಡಿಯ ಕೆಳಗಿನ ಮೋರಿ

ಸಾಯಗಾಂವದ ನನ್ನ ತವರಿನಿಂದ ಬೀದರಿಗೆ ನನ್ನ ಹಿಂದೆಯೇ ನಡೆದುಕೊಂಡು ಬಂದ ಎಮ್ಮೆ ಅದು. ಅತ್ತೆ ನನ್ನನ್ನು ಬೈಯದ ದಿನವಿರಲಿಲ್ಲ, ಎಮ್ಮೆಯನ್ನು ಮಾತ್ರ ಮೈದಡವಿ ಮಾತಾಡಿಸುತ್ತಿದ್ದಳು. ಗಂಡ ಔರಾದಿನ ಕಡೆ ಬಾಡಿಗೆ ಬಂಡಿ ಹೊಡೆಯುತ್ತಿದ್ದ, ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ.

ನಮ್ಮ ಓಣಿಯ ಕೆಳಗೆ ಹಳೇ ಕಾಲದ ಕಲ್ಲಿನ ಮೋರಿ ಇತ್ತು. ಮಳೆನೀರೆಲ್ಲ ಅದರೊಳಗೆ ಇಳಿದು ಊರ ಹೊರಗೆ ಹೋಗುತ್ತಿತ್ತು. ಬೆಲ್ಲದ ಸಾಹುಕಾರ ಓಣಿಯ ತುದಿಗೆ ಹೊಸ ಅಂಗಡಿ ಕಟ್ಟಿದ ವರ್ಷ ನೀರು ಮುಂದಕ್ಕೆ ಹರಿಯಲೇ ಇಲ್ಲ. ದೊಡ್ಡ ಮಳೆಯ ಒಂದು ಮಧ್ಯಾಹ್ನ ನಮ್ಮ ಹಿತ್ತಲಿನಲ್ಲಿ ಉಕ್ಕಿ ಬಂತು. ಕೊಟ್ಟಿಗೆಯ ಮಣ್ಣಿನ ಗೋಡೆ ನೆನೆದು ಎಮ್ಮೆಯ ಮೇಲೆ ಬಿದ್ದು ಅದು ಸತ್ತಿತು.

ಅತ್ತೆ ನನ್ನನ್ನು ಕರೆದುಕೊಂಡು ಅಂಗಡಿಗೆ ಹೋದಳು. "ನೀವು ಕಟ್ಟಿದ ಮ್ಯಾಲೇ ನೀರು ನಿಂತದರಿ, ಗ್ವಾಡಿ ಬಿದ್ದು ನಮ್ಮ ಎಮ್ಮಿ ಸತ್ತದ. ಮೋರಿ ಜರಾ ನೋಡಸ್ರಿ."

ಅವನು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಎಮ್ಮಿ ಸತ್ತರ ಯಾಕ ಅಳ್ತಿ ಮುದುಕಿ? ತೊಗಲು ಸುಲಿಸಿ ಮಾರು" ಅಂದ. ಅಲ್ಲಿದ್ದವರು ನಕ್ಕರು.

ಮನೆಗೆ ಬರುವಾಗ ಅತ್ತೆ ನನ್ನ ಕೈ ಹಿಡಿದುಕೊಂಡಳು. ಮದುವೆಯಾದ ಮೇಲೆ ಅದೇ ಮೊದಲು. "ಬ್ಯಾಸಗಿ ಬರ್ಲಿ" ಅಂದಳು, ಅಷ್ಟೇ.

ಬೇಸಿಗೆಯಲ್ಲಿ ಮೋರಿ ಒಣಗಿತು. ಮಧ್ಯಾಹ್ನ ಉಂಡು ಓಣಿಯೆಲ್ಲ ಮಲಗಿದ ಹೊತ್ತಿಗೆ ಹಿತ್ತಲಿನ ಹಾಸುಗಲ್ಲು ಸರಿಸಿ ಇಬ್ಬರೂ ಇಳಿದೆವು. ಅತ್ತೆ ಕಚ್ಚೆ ಬಿಗಿದು ಸಲಿಕೆ ಹಿಡಿದಿದ್ದಳು, ನನ್ನ ಕೈಯಲ್ಲಿ ಹಾರೆ ಮತ್ತು ಕಂದೀಲು. ಕೆಂಪು ಮುರಕಲ್ಲಿನ ಕಮಾನು, ಬಗ್ಗಿ ನಡೆಯುವಷ್ಟೇ ಎತ್ತರ. ಬೇವಿನ ಬೇರು ಮುಖಕ್ಕೆ ತಾಗಿದಾಗ ಹಾವೆಂದು ನಾನು ಕಿರುಚಿದೆ. ಮೇಲೆ ಟಾಂಗಾ ಹೋದರೆ ತಲೆಗೆ ಮಣ್ಣು ಉದುರುತ್ತಿತ್ತು. ಯಾರೋ ತಂಬಾಕು ಕೇಳಿದ್ದು, ಯಾರೋ ಕೆಮ್ಮಿದ್ದು, ಎಲ್ಲ ಕೇಳುತ್ತಿತ್ತು.

ಅಂಗಡಿಯ ಕೆಳಗೆ ಬಂದಾಗ ಮೋರಿಗೆ ಅಡ್ಡವಾಗಿ ಹೊಸ ಗಚ್ಚಿನ ಗೋಡೆ. ಒಂದು ಕಲ್ಲು ಕಿತ್ತು ಬೆಳಕು ಹಿಡಿದೆ. ಆ ಕಡೆಗೂ ಅಂಥದೇ ಗೋಡೆ, ನಡುವೆ ಕಮಾನಿನವರೆಗೆ ಒಟ್ಟಿದ ಬೆಲ್ಲದ ಪೆಂಟೆಗಳು. ಊರ ಮೋರಿಯನ್ನೇ ಮುಚ್ಚಿ ತನ್ನ ನೆಲಮಾಳಿಗೆ ಮಾಡಿಕೊಂಡಿದ್ದ.

"ಈಗೇ ಕೆಡವೋಣೇನ್ರಿ?" ಅಂದೆ.

"ಹುಚ್ಚಿ! ಈಗ ಕೆಡವಿದ್ರ ನಾಳೆ ಮತ್ತ ಕಟ್ತಾನ. ಬುಡದ ಕಲ್ಲು ಕೀಳು, ಅಲ್ಲಿ ಹಸಿಮಣ್ಣು ಮೆತ್ತು. ಉಳದಿದ್ದು ಮಳಿ ಮಾಡ್ತದ."

ದಿನಾ ಮಧ್ಯಾಹ್ನ ಇಳಿದೆವು. ಸುಣ್ಣ ತಾಗಿ ಅಂಗೈ ಒಡೆದವು. ಒಂದೊಂದು ಕಲ್ಲು ಸಡಿಲಾದಾಗಲೂ ಅವನ ಹಲ್ಲು ಕಿತ್ತಷ್ಟು ಸಮಾಧಾನವಾಗುತ್ತಿತ್ತು ನನಗೆ.

ಮಳೆಗಾಲ ಬಂದರೂ ಮೊದಲು ಬರೀ ತುಂತುರು ಮಳೆ. ಅತ್ತೆ ದಿನಾ ಮೋಡವನ್ನೂ ಬೈದಳು. ಕೊನೆಗೊಂದು ಸಂಜೆ ಧೋ ಎಂದು ಸುರಿಯಿತು. ನಮ್ಮ ಹಿತ್ತಲಿನ ನೀರು ಗುಡುಗುಡು ಸದ್ದು ಮಾಡುತ್ತ ಒಮ್ಮೆಲೆ ಇಳಿದುಹೋಯಿತು. ಸ್ವಲ್ಪ ಹೊತ್ತಿಗೆ ಅಂಗಡಿಯಿಂದ ಬೊಬ್ಬೆ. ಹೋಗಿ ನೋಡಿದರೆ ಸಾಹುಕಾರ ನೆಲಮಾಳಿಗೆಯ ಬಾಯಲ್ಲಿ ಸೊಂಟದವರೆಗೆ ಕಂದು ನೀರಿನಲ್ಲಿ ನಿಂತು, ಕರಗುವ ಪೆಂಟೆಗಳನ್ನು ಎದೆಗೆ ಅವುಚಿಕೊಂಡಿದ್ದ. ನಾವು ಕೊಡೆಯಿಲ್ಲದೆ ನೆನೆಯುತ್ತ ಕಣ್ತುಂಬ ನೋಡಿದೆವು. ಆಮೇಲೆ ಓಣಿಯೆಲ್ಲ ಹುಳಿ ವಾಸನೆ, ಇರುವೆಗಳ ಸಾಲು. ಸರ್ಕಾರಿ ಮಂದಿ ಬಂದು ನೋಡಿ, ಮೋರಿ ಮುಚ್ಚಿದ್ದಕ್ಕೆ ಅವನಿಂದಲೇ ಗೋಡೆ ತೆಗೆಸಿದರು. ಅವನು ಅಂಗಡಿ ಮುಚ್ಚಿ ಭಾಲ್ಕಿಗೆ ಹೋದ.

ನಮ್ಮ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅದೇ ನನ್ನನ್ನು ಕೊರೆಯುತ್ತಿತ್ತು. ಯಾರು ಹೊಡೆದರು ಎಂದು ಅವನಿಗೆ ಗೊತ್ತಾಗಬೇಡವೆ?

ಅತ್ತೆ ತೀರಿಕೊಂಡು ಬಹಳ ಕಾಲವಾದ ಮೇಲೆ ಭಾಲ್ಕಿ ಸ್ಟೇಷನ್ನಿನಲ್ಲಿ ಅವನು ಕಂಡ. ಮುದುಕನಾಗಿದ್ದ, ಕೈಯಲ್ಲಿ ಕೋಲು. ಬೆಂಚಿನಲ್ಲಿ ಪಕ್ಕಕ್ಕೆ ಹೋಗಿ ಕೂತೆ.

"ಸಾಹುಕಾರ್ರ, ಬೀದರದಾಗ ನಿಮ್ಮ ಗ್ವಾಡಿ ಬುಡ ಬಿಡಿಸಿದಾಕಿ ನಾನೇರಿ."

ಅವನು ಕೋಲು ಊರಿ ನನ್ನ ಕಡೆ ತಿರುಗಿದ. "ಒಬ್ಬಾಕಿನೇ?"

"ಇಲ್ರಿ. ನಮ್ಮ ಅತ್ತಿನೂ ಇದ್ರು."

ಅವನು ಕೋಲನ್ನು ಬೆಂಚಿಗೆ ಒರಗಿಸಿದ. "ನಾ ನನ್ನ ತಮ್ಮನ ಮ್ಯಾಲೆ ಅನುಮಾನ ಮಾಡಿದ್ನವ್ವಾ. ಅವ ಸಾಯೂತನಕ ಅವನ್ನ ಮಾತಾಡಸ್ಲಿಲ್ಲ."

ಗಾಡಿ ಬಂತು, ಹತ್ತಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬೀದರ ಬರುವವರೆಗೂ ಚೆನ್ನಾಗಿ ನಿದ್ದೆ ಮಾಡಿದೆ.