ಅಕ್ಕನ ಕಾರು, ಒಂದು ಹಿಡಿ ಮುರುಗಲು

ಹೋದ ವಾರ ನನ್ನ ಕಾರು ಹೊರಡಲಿಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿಯ ತುದಿಗೆ ಹಸಿರು ಕಿಲುಬು ಕಟ್ಟಿತ್ತು. ಬೆರಳಿಗೆ ಹತ್ತಿದ್ದನ್ನು ಮೂಸಿದೆ. ಲೋಹದ ಹುಳಿ ವಾಸನೆಯ ಹಿಂದೆಯೇ ಬಂಗಡೆ ಮೀನಿನ ವಾಸನೆಯೂ ಬಂತು. ಅಲ್ಲಿ ಮೀನು ಇರಲು ಸಾಧ್ಯವೇ ಇಲ್ಲ. ನೆನಪು ಎನ್ನುವುದು ಇಲ್ಲದ್ದನ್ನೂ ತಂದು ಸೇರಿಸುತ್ತದೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಆದರೂ ಪಕ್ಕದ ಮನೆಯ ಅಕ್ಕನ ಕಾರಿನ ಸಂಗತಿಯನ್ನು ಈಗಲಾದರೂ ಸರಿಯಾಗಿ ಬರೆದಿಡಬೇಕು ಅನ್ನಿಸಿತು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದ ನಾನು ಅಂಕೋಲೆಯ ಕಾಲೇಜೊಂದರಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದೆ. ಮನೆ ಕಾರವಾರದಲ್ಲಿ. ಅಕ್ಕ ಕಾರವಾರದ ಬಂದರಿನಲ್ಲಿ ಮೀನು ಕೊಂಡು ಅಂಕೋಲೆ ಪೇಟೆಯಲ್ಲಿ ಮಾರುತ್ತಿದ್ದಳು. ಬಂಗಡೆ ಕೊಂಡವರಿಗೆ ಮೇಲೊಂದಿಷ್ಟು ಒಣಗಿಸಿದ ಮುರುಗಲು ಹಣ್ಣಿನ ಸಿಪ್ಪೆ ಕೊಡುವುದು ಅವಳ ಪದ್ಧತಿ. ಸಾರಿಗೆ ಹುಳಿಯನ್ನೂ ಅವಳೇ ಕೊಟ್ಟಂತೆ.

ಬಂದರಿನಿಂದ ಮೀನು ಸಾಗಿಸುವ ಟೆಂಪೋಗಳೆಲ್ಲ ಒಬ್ಬ ಸಾವ್ಕಾರನವು. ಯಾರ ಪೆಟ್ಟಿಗೆ ಮೊದಲು ಹೋಗಬೇಕು, ಯಾರದ್ದು ಬಿಸಿಲೇರುವವರೆಗೆ ಕಾಯಬೇಕು ಎಂಬುದು ಅವನ ಮರ್ಜಿ. ಒಮ್ಮೆ ಎದುರು ಮಾತಾಡಿದ ಅಕ್ಕನ ಪೆಟ್ಟಿಗೆಗಳು ತಿಂಗಳುಗಟ್ಟಲೆ ಕೊನೆಯ ಟೆಂಪೋದಲ್ಲೇ ಹೋದವು. ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ. ಒಂದು ಹಳೆಯ ಬಿಳಿ ಕಾರು ಕೊಂಡಳು, ಓಡಿಸಲು ಕಲಿತಳು. ಹಿಂದಿನ ಸೀಟು ಕಿತ್ತೆಸೆದು, ಹಲಗೆ ಹಾಸಿ, ಮೀನಿನ ಪೆಟ್ಟಿಗೆ ಜೋಡಿಸಿದಳು. ಮುಂದಿನ ಸೀಟಿನಲ್ಲಿ ನಾನು. ಬಸ್ಸಿಗೆ ಕಾಯುವ ಕಷ್ಟ ತಪ್ಪಿತು, ಅಂಗಿಗೆ ಮೀನಿನ ವಾಸನೆ ಹತ್ತಿತು.

ಒಂದು ದಿನ ಬೆಳಿಗ್ಗೆ ಬಂದರಿನಲ್ಲಿ ಪೆಟ್ಟಿಗೆ ತುಂಬಿ ಕೀಲಿ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ. ಮತ್ತೆ ಟಕ್. ಟೆಂಪೋಕ್ಕೆ ಒರಗಿ ಚಹಾ ಕುಡಿಯುತ್ತಿದ್ದ ಸಾವ್ಕಾರ ನಕ್ಕ. "ಎಂತಾ ಬಾಯಿ, ಇವತ್ತು ಬಂಗಡೆ ನಡ್ಕಂಡೇ ಅಂಕೋಲೆಗೆ ಹೋಗ್ತವಾ? ಹಾಕು ನನ್ನ ಟೆಂಪೋಕ್ಕೆ. ನಾಳೆಯಿಂದ ದಿನಾ ಹಾಕು."

ಅವನ ಆ ಕೊನೆಯ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಇವತ್ತು ಒಂದು ಪೆಟ್ಟಿಗೆ ಅವನ ಟೆಂಪೋ ಏರಿದರೆ ಅಕ್ಕ ಮತ್ತೆ ಕೊನೆಯ ಸಾಲಿಗೆ.

ನಾನು ನನ್ನ ವಿದ್ಯೆ ತೋರಿಸಿದೆ. "ಬ್ಯಾಟರಿ ಸತ್ತಿದೆ ಅಕ್ಕಾ."

ಅವಳು ಹಾರ್ನ್ ಒತ್ತಿದಳು. ಬಂದರಿನ ಕಾಗೆಗಳೆಲ್ಲ ಎದ್ದವು. "ಸತ್ತವ್ರು ಹಿಂಗೆ ಕೂಗ್ತ್ರಾ ಮಾಸ್ತರೇ?"

ಸಾವ್ಕಾರನ ಆಳುಗಳು ದೂಡಲು ಬಂದರು. ಅವಳು ತಡೆದಳು. ದೂಡಿದ್ದರೆ ಹೊರಡುತ್ತಿತ್ತೇನೋ... ಆದರೆ ನಾಳೆ ಊರೆಲ್ಲ ಸಾವ್ಕಾರ ದೂಡಿದ ಕಾರು ಎನ್ನುತ್ತಿತ್ತು. ಮರಳು ತುಂಬಿದ ನೆಲದಲ್ಲಿ ನಾನೊಬ್ಬನೇ ದೂಡುವುದು ಆಗುವ ಮಾತಲ್ಲ.

ಆಗ ಅಕ್ಕ ಇಳಿದು ಹಿಂದಿನ ಬಾಗಿಲು ತೆರೆದು, ಪೆಟ್ಟಿಗೆಗಳನ್ನು ಒಂದೊಂದಾಗಿ ನೆಲಕ್ಕಿಳಿಸತೊಡಗಿದಳು. ಸೋತಳು ಅಂದುಕೊಂಡೆ. ಸಾವ್ಕಾರನೂ ಹಾಗೇ ಅಂದುಕೊಂಡಿರಬೇಕು. ಆಳುಗಳಿಗೆ ಸನ್ನೆ ಮಾಡಿದ. ಒಬ್ಬ ಬಂದು ಪೆಟ್ಟಿಗೆಗೆ ಕೈ ಹಾಕಿದ.

"ಮುಟ್ಟಬ್ಯಾಡ! ಇಳಿಸಿದ್ದು ನಿಂಗೆ ಕೊಡೂಕಲ್ಲ, ನಂಗೆ ಕಾಣೂಕೆ."

ಹಲಗೆ ಎತ್ತಿದಳು. ಆ ಕಾರಿನ ಬ್ಯಾಟರಿ ಇದ್ದದ್ದು ಬಾನೆಟ್ಟಿನಡಿ ಅಲ್ಲ, ಇಲ್ಲೇ, ಸೀಟು ಕಿತ್ತ ಜಾಗದ ಅಡಿಯಲ್ಲಿ. ಮೀನು ಕೆಡಬಾರದೆಂದು ಐಸಿಗೆ ಉಪ್ಪು ಬೆರೆಸುವುದು ಅವಳ ರೂಢಿ. ಆ ಉಪ್ಪುನೀರು ದಿನವೂ ಹಲಗೆಯ ಸಂದಿಯಿಂದ ಸೋರಿ ಬ್ಯಾಟರಿಯ ತಂತಿಗೆ, ಅದು ಕಾರಿನ ಮೈಗೆ ಸೇರುವ ಜಾಗಕ್ಕೆ ಬಿದ್ದು, ದಪ್ಪ ಹಸಿರು ಕಿಲುಬು ಕಟ್ಟಿತ್ತು. "ನನ್ನ ಉಪ್ಪೇ ತಿಂದದೆ ನೋಡಿ," ಎಂದಳು. ಹಾರ್ನಿಗೆ ಸಾಲುವ ಕರೆಂಟು ಕಿಲುಬು ದಾಟಿ ಬರುತ್ತದೆ, ಇಂಜಿನ್ ತಿರುಗಿಸುವಷ್ಟು ಬರುವುದಿಲ್ಲ. ಇದನ್ನೇ ನಾನು ಹಿಂದಿನ ದಿನ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೆ.

ಅಕ್ಕ ಗಿರಾಕಿಗಳಿಗೆಂದು ಇಟ್ಟಿದ್ದ ಮುರುಗಲು ಗಂಟು ಬಿಚ್ಚಿದಳು. ಸಿಪ್ಪೆ ನೆನೆಸಿ, ಹಿತ್ತಾಳೆ ದೀಪ ತಿಕ್ಕುವ ಹಾಗೆ ತಿಕ್ಕಿದಳು. ಮುರುಗಲೇ ಎಂದು ನೆನಪು, ಹುಣಸೆಯೂ ಇರಬಹುದು... ಇಲ್ಲ, ಅವಳ ಬೆರಳುಗಳು ನೇರಳೆ ಕೆಂಪಾಗಿದ್ದವು. ಮುರುಗಲೇ. ತಂತಿ ಸೇರುವಲ್ಲಿ ಕಾರಿನ ಮೈಗೆ ಹಿಡಿದಿದ್ದ ತುಕ್ಕನ್ನು ಮೀನು ಕೊಯ್ಯುವ ಕತ್ತಿಯಿಂದ ಕೆರೆದಳು.

ಆಮೇಲೆ ಮೊದಲ ಸಲಕ್ಕೇ ಕಾರು ಹೊರಟಿತು ಎಂದು ವರ್ಷಗಟ್ಟಲೆ ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ಟಕ್ ಎಂದಿತು, ಅಷ್ಟೇ. ಸಾವ್ಕಾರ ಕೈ ತಟ್ಟಿ ನಕ್ಕ. ಅಕ್ಕ ಅವನತ್ತ ನೋಡಲೂ ಇಲ್ಲ. ಮತ್ತೆ ಕೂತು, ಇನ್ನೊಂದು ಹಿಡಿ ಸಿಪ್ಪೆ ತೆಗೆದು ತಿಕ್ಕಿದಳು. ಎರಡನೆಯದೋ ಮೂರನೆಯದೋ ಸಲಕ್ಕೆ ಇಂಜಿನ್ ಹೊತ್ತಿಕೊಂಡಿತು. ಪೆಟ್ಟಿಗೆಗಳನ್ನು ನಾವಿಬ್ಬರೇ ತುಂಬಿದೆವು. ದಾರಿಯಲ್ಲಿ ಚೆಂಡಿಯಾ ಊರು ದಾಟಿದ ಮೇಲೆ ಅವಳು, "ಇವತ್ತಿನ ಗಿರಾಕಿಗೆ ಹುಳಿ ಇಲ್ಲ ಮಾಸ್ತರೇ," ಎಂದು ಗಟ್ಟಿಯಾಗಿ ನಕ್ಕಳು.

ಇನ್ನೊಂದು ಸುಳ್ಳೂ ಇದೆ. ಕಾಲೇಜಿನಲ್ಲಿ ಈ ಕಥೆ ಹೇಳುವಾಗ ದೋಷ ಹುಡುಕಿದವನು ನಾನೇ ಎಂದು ಹೇಳಿಬಿಟ್ಟಿದ್ದೆ. ಹೇಳಿ ಹೇಳಿ ನನಗೇ ನಿಜವೆನಿಸಿತ್ತು. ಒಮ್ಮೆ ಮೀನುಪೇಟೆಯಲ್ಲಿ ಸಹೋದ್ಯೋಗಿಯೊಬ್ಬರು ಅವಳ ಎದುರೇ ನನ್ನನ್ನು ಹೊಗಳಿದರು. ಅಕ್ಕ ತಲೆಯೆತ್ತದೆ ಮೀನು ಕೊಯ್ಯುತ್ತಲೇ, "ಹೌದ್ರಾ, ನಮ್ಮ ಮಾಸ್ತರು ಬಾಳ ಹುಷಾರಿ," ಎಂದಳು. ಆ ದಿನವೂ ನನ್ನ ಪೊಟ್ಟಣಕ್ಕೆ ಮುರುಗಲು ಹಾಕಿದಳು.

ಅಕ್ಕ ಹೋಗಿ ಎರಡು ಮಳೆಗಾಲ ಕಳೆದವು. ನನಗೆ ಸುದ್ದಿ ಮುಟ್ಟಿದಾಗ ಎಲ್ಲ ಮುಗಿದಿತ್ತು. ಅವಳೆದುರು ತಪ್ಪೊಪ್ಪಿಕೊಳ್ಳುವ ದಾರಿ ಇನ್ನಿಲ್ಲ.

ಹೋದ ವಾರ ಮೆಕ್ಯಾನಿಕ್ ಫೋನಿನಲ್ಲೇ, "ಬ್ಯಾಟರಿ ಸತ್ತಿದೆ ಸರ್, ಹೊಸದು ಹಾಕುವ" ಎಂದ. ನಾನು ಹಾರ್ನ್ ಒತ್ತಿದೆ. ಕೂಗಿತು. ಅಡುಗೆಮನೆಯಿಂದ ಮುರುಗಲು ಡಬ್ಬಿ ತಂದು ಕಿಲುಬು ಹೋಗುವಷ್ಟು ತಿಕ್ಕಿ, ಒರೆಸಿ, ಕೀಲಿ ತಿರುಗಿಸಿದೆ.

ಟಕ್.

ಎದುರು ಮನೆಯವರು ಗೇಟಿನ ಬಳಿ ನಿಂತು ನೋಡುತ್ತಿದ್ದರು. ಅವರತ್ತ ನೋಡಲಿಲ್ಲ. ಇಳಿದು, ಇನ್ನೊಂದು ಹಿಡಿ ತೆಗೆದೆ.