ಕಾವಿನ ಬುಟ್ಟಿಯಲ್ಲಿ ಕಬ್ಬಿಣ

ಚಡಚಣದ ಕಡೆಯ ದ್ರಾಕ್ಷಿ ತೋಟದವರೊಬ್ಬರನ್ನು ಕಾಡಿಬೇಡಿ ತಂದಿದ್ದ ಹುಂಜ, ಬೇಸಿಗೆಯ ಒಂದು ಮಧ್ಯಾಹ್ನ ಬಾಯಿ ತೆರೆದು ತೇಕುತ್ತ ನೆರಳಿನಲ್ಲೇ ಸತ್ತುಹೋಯಿತು. ನೀಲಿ ತತ್ತಿ ಇಡುವ ಕೋಳಿಗಳ ಜಾತಿಯದು. ತೋಟದ ನೆರಳಲ್ಲೇ ಬೆಳೆದ ಅದಕ್ಕೆ ನಮ್ಮ ಸಿಂದಗಿ ಸೀಮೆಯ ಬಯಲು ಬಿಸಿಲು ಏನು ಗೊತ್ತು! ಇನ್ನೊಂದು ತರೋಣವೆಂದರೆ ತೋಟದವರು ಉಳಿದವನ್ನೆಲ್ಲ ಮಾರಿಬಿಟ್ಟಿದ್ದರು.

ಅತ್ತೆಯ ಕೋಳಿಗಳು ಹಾಗಲ್ಲ. ಅವಳು ಮದುವೆಯಾಗಿ ಬರುವಾಗ ತವರಿನಿಂದ ಕಂಕುಳಲ್ಲಿ ಅವುಚಿಕೊಂಡು ತಂದ ಒಂದು ಗಿಡ್ಡ ಕೋಳಿಯ ಸಂತತಿ ಅವು. ಮೈ ಎಂಬುದು ಒಂದು ಹಿಡಿ, ಆದರೂ ಸುಡುಬಿಸಿಲಲ್ಲಿ ತಿಪ್ಪೆ ಕೆದರುತ್ತಲೇ ಇರುತ್ತವೆ. ರೋಗ ಬಂದು ಊರ ಕೋಳಿಗಳೆಲ್ಲ ಉರುಳಿದಾಗಲೂ ಇವು ಉಳಿದಿದ್ದವು. ಇಡುವುದು ಮಾತ್ರ ಸಣ್ಣ ಬಿಳಿ ತತ್ತಿ. ಈ ಗಟ್ಟಿತನ, ಆ ಬಣ್ಣ, ಎರಡೂ ಒಂದೇ ಕೋಳಿಯಲ್ಲಿ ಕೂಡಬೇಕೆಂಬುದು ನನ್ನ ಹುಚ್ಚು.

ಸಾಯುವ ಮೊದಲು ಹುಂಜ ಅತ್ತೆಯ ಕೋಳಿಗಳ ಜೊತೆ ಕೂಡಿತ್ತು. ಆ ತತ್ತಿಗಳನ್ನು ಕಾವಿಗೆ ಇಟ್ಟಿದ್ದೆವು. ನೋಡಲು ಅವೂ ಬಿಳಿಯವೇ. ಹುಂಜನ ಕಡೆಯ ನೀಲಿ ಮರಿಯ ರಕ್ತದಲ್ಲಿ ಅಡಗಿರುತ್ತದೆ, ಮರಿ ಬೆಳೆದು ತಾನು ತತ್ತಿ ಇಟ್ಟಾಗಲೇ ಹೊರಗೆ ಕಾಣುವುದು. ಆ ಒಂದು ಬುಟ್ಟಿ ಹೋದರೆ ಎಲ್ಲವೂ ಹೋದಂತೆ.

ಗುಡುಗಿಗೆ ಕಾವಿನ ತತ್ತಿಗಳು ಸಾಯುತ್ತವೆ, ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡಬೇಕು ಎನ್ನುವುದು ನಮ್ಮ ಕಡೆಯ ರೂಢಿ. ಅತ್ತೆ ಮೊಳೆ ಇಡಲು ಬಂದಾಗ ನಾನು ಬೇಡವೆಂದು ಎತ್ತಿ ಬಿಸಾಡಿದ್ದೆ. ಮರಿ ಒಡೆಯಲು ಎರಡೋ ಮೂರೋ ದಿನ ಇರುವಾಗ ಸಂಜೆ ಮೋಡ ಕಟ್ಟಿತು, ಮನೆ ನಡುಗುವಂಥ ಗುಡುಗು. ಬೆಳಗಾಗುತ್ತಲೇ ನೋಡಿದರೆ ಕೋಳಿ ಬುಟ್ಟಿ ಬಿಟ್ಟು ಗೋಣಿಚೀಲದ ಮೇಲೆ ಕುಳಿತಿದೆ. ತತ್ತಿಗಳ ನಡುವೆ ನೇಗಿಲಿನ ಕುಳ! ನನ್ನ ಕಣ್ಣು ತಪ್ಪಿಸಿ ಅತ್ತೆ ಇಟ್ಟಿದ್ದು. ಅಂಥ ತಣ್ಣನೆಯ ಕಬ್ಬಿಣದ ಮೇಲೆ ಆ ಪುಟ್ಟ ಜೀವ ಹೇಗೆ ಕೂತೀತು? ತತ್ತಿಗಳೂ ತಣ್ಣಗಾಗಿದ್ದವು.

ನನಗೆ ಮೊದಲೇ ಮೂಗಿನ ಮೇಲೆ ಸಿಟ್ಟು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅತ್ತೆ ಒಳಗೆ ಹೋಗಿ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು, ತತ್ತಿಗಳನ್ನು ಒಂದೊಂದಾಗಿ ತೇಲಿಬಿಟ್ಟಳು. ಜೀವವಿದ್ದರೆ ಒಳಗಿನ ಮರಿ ಮಿಸುಕಿ ತತ್ತಿ ಅಲುಗುತ್ತದೆ. ಬಾಗಿಲು ಹಾಕಿದೆವು, ಫ್ಯಾನು ನಿಲ್ಲಿಸಿದೆವು. ನೀರು ಕನ್ನಡಿಯಂತೆ ನಿಂತಿತು. ಒಂದೂ ಅಲುಗಲಿಲ್ಲ.

ಮುಗೀತು, ಚೆಲ್ಲಿಬಿಡೋಣ ಎಂದು ನಾನು ಬಗ್ಗಿದೆ.

"ಹಿಂದಕ ಸರಿ," ಅಂದಳು ಅತ್ತೆ. "ನಿನ್ನ ಉಸುರು ನೀರಿಗೆ ತಾಕಾಕತ್ತೈತಿ."

ಸರಿದು ನಿಂತೆ. ಅಂಚಿನಲ್ಲಿದ್ದ ಒಂದು ತತ್ತಿ ತುಸುವೇ ಹೊರಳಿತು. ಸುಳ್ಳಿರಬೇಕು ಅಂದುಕೊಂಡೆ. ಮತ್ತೆ ಹೊರಳಿತು. ಉಳಿದವು ಹಾಗೇ ಇದ್ದವು, ಎಷ್ಟು ಕಾದರೂ ಹಾಗೇ.

ಅತ್ತೆ ಆ ಒಂದನ್ನು ಒರೆಸಿ, ಸೆರಗಿನಲ್ಲಿ ಸುತ್ತಿ ಉಡಿಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡು ಗೋಡೆಗೆ ಒರಗಿದಳು. ಮುಸ್ಸಂಜೆಯವರೆಗೆ ಏಳಲಿಲ್ಲ. ಬಹುಶಃ ನನ್ನ ಬಸಿರಿನಲ್ಲೂ ನಾನು ಅಷ್ಟು ಜೋಪಾನ ಮಾಡಿರಲಿಲ್ಲ. ರೊಟ್ಟಿಯನ್ನು ನಾನೇ ಕೈಗೆ ಕೊಟ್ಟೆ. ಕತ್ತಲಾದ ಮೇಲೆ ತತ್ತಿಯನ್ನು ಕೋಳಿಯ ರೆಕ್ಕೆಯಡಿ ಮೆಲ್ಲಗೆ ತಳ್ಳಿದಳು. ಪುಣ್ಯಕ್ಕೆ ಕೋಳಿ ಒಪ್ಪಿಕೊಂಡಿತು.

ಮರಿ ಒಡೆಯಿತು. ಹೆಣ್ಣಾಗಲಿ ಎಂದು ಅತ್ತೆ ದಿನಾ ಅದರ ಜುಟ್ಟು ಹುಂಜನದರಂತೆ ಕೆಂಪೇರುತ್ತಿದೆಯೇ ನೋಡುತ್ತಿದ್ದಳು. ಹದ್ದಿಗೆ ಹೆದರಿ ಅಂಗಳದಲ್ಲೇ ಕೂತಿರುತ್ತಿದ್ದಳು. ಮೈ ತುಂಬಿಕೊಂಡ ಮರಿ ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಹತ್ತಿ ಕತ್ತು ನೀಡಿ ಕೂಗಿಯೇಬಿಟ್ಟಿತು. ಹುಂಜ. ಅತ್ತೆ ಅಲ್ಲೇ ಕುಸಿದು ಕುಳಿತಳು.

"ಇನ್ನ ತತ್ತಿ ಎಲ್ಲಿಂದ ಬರ್ತಾವ? ನಾನ ಹಾಳ ಮಾಡೀನಿ," ಎಂದು ಅತ್ತಳು.

ಅವಳು ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವಳ ಪಕ್ಕಕ್ಕೆ ಹೋಗಿ ಕೂತೆ.

"ಹೆಣ್ಣಾಗಿದ್ರ ತಾನಷ್ಟ ನೀಲಿ ತತ್ತಿ ಇಡ್ತಿತ್ರಿ, ಅತ್ತಿ," ಅಂದೆ. "ಅಪ್ಪನ ರಕ್ತ ಇವನೊಳಗೂ ಐತ್ರಿ. ನಿಮ್ಮ ಕೋಳಿ ಜೋಡಿ ಬಿಟ್ರ ಅರ್ಧ ಮರಿಗಳ ತತ್ತಿಗಾದ್ರೂ ನೀಲಿ ಬಣ್ಣ ಬರ್ತೈತಿ."

ಅತ್ತೆ ಕಣ್ಣೊರೆಸಿಕೊಂಡು ಅದನ್ನು ಬಹಳ ಹೊತ್ತು ನೋಡಿದಳು. ಬಿಸಿಲು ಏರಿತ್ತು. ಅದು ಕೊಕ್ಕು ಮುಚ್ಚಿಕೊಂಡೇ ಅಂಗಳದ ನಡುವೆ ಠೀವಿಯಿಂದ ಓಡಾಡುತ್ತಿತ್ತು, ತೇಕುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ನನ್ನ ಗಂಡ, ಹುಂಜ ಚೆನ್ನಾಗಿ ಕೊಬ್ಬಿದೆ, ಭಾನುವಾರ ಅಕ್ಕ-ಮಾವ ಬರುತ್ತಾರೆ, ಕೊಯ್ಯೋಣ ಅಂದರು. ಬೀಗರು ನೆಂಟರು ಬಂದಾಗಲೆಲ್ಲ ತಾನೇ ಹುಂಜ ಹಿಡಿದುಕೊಡುತ್ತಿದ್ದ ಅತ್ತೆ, ತಾಟಿನಿಂದ ತಲೆಯೆತ್ತಲಿಲ್ಲ.

"ಕೈ ಹಚ್ಚು," ಅಂದಳು ಮಗನಿಗೆ, "ನೋಡ್ತೇನಿ."